ಬೇರಿನಡಿ ಇಟ್ಟದ್ದು

ಹಿಲೋ, ಮಾರ್ಚ್ 8, 2015

ತಮ್ಮ ಕಪೇನಾ,

ಇಲ್ಲಿ ಮಳೆ ನಿಂತಿಲ್ಲ, ನಿನ್ನ ಅರಿಜೋನಾ ಜೈಲಿನ ಕಡೆ ಮಳೆ ಬಂದಿರಲಿಕ್ಕಿಲ್ಲ. ಕ್ಷೇಮಸಮಾಚಾರ ಇಷ್ಟೇ.

ಮೊದಲು ನಿನ್ನ ಮಗಳ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದವನ್ನು ಬಾಲದ ಕಡೆಯಿಂದ ಓದುವವನು. ಇವಾಲಾನಿಗೆ ಕಾಡು ಕಾಯುವ ತಂಡದಲ್ಲಿ ಕೆಲಸ ಸಿಕ್ಕಿದೆ. ಬೇಲಿ ಹಾಕುವುದು, ಹೊರಗಿನಿಂದ ಬಂದು ಹಬ್ಬಿದ ಗಿಡಗಳನ್ನು ಕೀಳುವುದು, ಹಂದಿ ಓಡಿಸುವುದು. ಅವಳಮ್ಮ ಲಾಸ್ ವೇಗಸ್ ಸೇರಿ, ಅಪ್ಪ ಜೈಲು ಸೇರಿದ ಮೇಲೆ ಶಾಲೆಯ ಅಡುಗೆಮನೆಯ ಸಂಬಳದಲ್ಲಿ ಆ ಹುಡುಗಿಯನ್ನು ಸಾಕಿದವಳು ನಾನು. ಹಾಗಾಗಿ ಜಂಬ ಪಡುವುದರಲ್ಲಿ ದೊಡ್ಡ ಪಾಲು ನನ್ನದು, ನಿನಗೆ ಉಳಿದದ್ದು ಸಾಕು.

ಆದರೆ ಕೆಲಸ ಸಿಕ್ಕಿದ್ದೇ ತಡ, ನನಗೇ ಬುದ್ಧಿ ಹೇಳಲು ಶುರು ಮಾಡಿದ್ದಾಳೆ. ಹೋದ ಭಾನುವಾರ ಇಬ್ಬರೂ ಗ್ಲೆನ್‌ವುಡ್‌ನಲ್ಲಿರುವ ನಮ್ಮ ಮೇಲಿನ ಜಮೀನಿಗೆ ಹೋಗಿದ್ದೆವು. ಬೇಲಿಬಾಗಿಲಲ್ಲಿ ಚೀಲದಿಂದ ಒಂದು ಬ್ರಷ್ಷು, ಒಂದು ಬಾಟಲಿ ಸ್ಪಿರಿಟ್ ತೆಗೆದಳು.

"ಅತ್ತೆ, ಬೂಟು ಬಿಚ್ಚು. ಮಚ್ಚೂ ಕೊಡು ಇಲ್ಲಿ. ಓಹಿಯಾ ಮರಕ್ಕೆ ಹೊಸ ರೋಗ ಬಂದಿದೆ. ಒಂಥರಾ ಬೂಷ್ಟು. ಮಣ್ಣಲ್ಲಿ, ಕತ್ತೀಲಿ ಅಂಟ್ಕೊಂಡು ಬರತ್ತೆ. ಮರಕ್ಕೆ ಒಂದು ಸಣ್ಣ ಗಾಯ ಆಗಿದ್ರೂ ಸಾಕು, ಒಳಗೆ ಹೋಗತ್ತೆ."

ನಮ್ಮಜ್ಜ ಬರಿಗಾಲಲ್ಲಿ ಓಡಾಡಿದ ಕಾಡಿಗೆ ನಾನು ಸ್ನಾನ ಮಾಡಿಸಿದ ಬೂಟು ಹಾಕಿಕೊಂಡು ಹೋಗಬೇಕಾ ಎಂದು ಕೇಳಿದೆ. ಬಾಗಿಲಲ್ಲಿ ನಿಂತು ಹಾಡಿನಲ್ಲಿ ಅಪ್ಪಣೆ ಕೇಳುತ್ತೇವೆ, ಕಾಡು ಬಾ ಅಂದಮೇಲೆ ಹೋಗುತ್ತೇವೆ, ಅದಕ್ಕಿಂತ ದೊಡ್ಡ ಮಡಿ ಯಾವುದು ಎಂದೂ ಕೇಳಿದೆ. ಅವಳು ವಾದ ಮಾಡಲಿಲ್ಲ. ನನ್ನ ಕಾಲ ಬುಡದಲ್ಲಿ ಕೂತು ಬೂಟನ್ನು ತಾನೇ ಉಜ್ಜಿದಳು. ಹಟ ಥೇಟ್ ನಿನ್ನದೇ.

ಅಜ್ಜಿಯ ಕಾಲದ ನಮ್ಮ ಓಹಿಯಾ ಮರ ಚೆನ್ನಾಗಿದೆ. ಈ ಸಲ ಹೂವು ಎಷ್ಟು ಬಿಟ್ಟಿದೆಯೆಂದರೆ ಬುಡವೆಲ್ಲ ಕೆಂಪು. ಹೊರಗಿನಿಂದ ಬಂದ ಆ ಕಿರುಸೀಬೆ ಗಿಡ ಮಾತ್ರ ಮಿತಿ ಮೀರಿದೆ. ಹಂದಿಗಳು ಹಣ್ಣು ತಿಂದು ಎಲ್ಲೆಂದರಲ್ಲಿ ಬೀಜ ಬಿತ್ತುತ್ತವೆ. ಮರದ ಸುತ್ತ ಗೋಡೆ ಕಟ್ಟಿದ ಹಾಗೆ ಬೆಳೆದು, ಒಳಗೆ ಒಂದು ಜರೀಗಿಡಕ್ಕೂ ಜಾಗವಿಲ್ಲ.

ಅಕ್ಕ ನೋಹೆಯಾ


ಅರಿಜೋನಾ, ಏಪ್ರಿಲ್ 2, 2015

ಅಕ್ಕ,

ನನಗೆ ಬರುವ ಕಾಗದವನ್ನು ಇಲ್ಲಿನವರು ನನಗಿಂತ ಮೊದಲು ಓದುತ್ತಾರೆ. ಹಾಗಾಗಿ ನಿನ್ನ ಬೈಗುಳಕ್ಕೆ ಇಲ್ಲಿ ಅಭಿಮಾನಿಗಳಿದ್ದಾರೆ, ಕಡಿಮೆ ಮಾಡಬೇಡ.

ಇವಾಲಾನಿಯ ಕೆಲಸದ ಸುದ್ದಿ ಓದಿ ಖುಷಿಯಾಯಿತು. ಖುಷಿ ಪಡುವ ಹಕ್ಕು ನನಗೆಷ್ಟಿದೆ ಎಂದು ನೀನು ಆಗಲೇ ಹೇಳಿದ್ದೀಯ, ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ನಮ್ಮ ದ್ವೀಪದಿಂದ ಈ ಜೈಲಿಗೆ ಹೊಸದಾಗಿ ಒಬ್ಬ ಬಂದಿದ್ದಾನೆ, ಪಾಹೋವಾ ಕಡೆಯ ಮುದುಕ, ಮೋಕಿ ಅಂತ. ಅವನೂರಿರುವ ತಗ್ಗಿನ ಪೂನಾ ಸೀಮೆಯಲ್ಲಿ ರಸ್ತೆಯ ಎರಡೂ ಕಡೆ ಓಹಿಯಾ ಒಣಗಿ ನಿಂತಿದೆಯಂತೆ. ಇವತ್ತು ಹಸಿರಾಗಿದ್ದ ಮರ ಎರಡು ವಾರದಲ್ಲಿ ತಲೆಯಿಂದ ಕೆಳಗಿನವರೆಗೆ ಕಂದು ಬಣ್ಣಕ್ಕೆ ತಿರುಗುತ್ತಂತೆ. ನಮ್ಮದು ಹಾಗಾಗಿಲ್ಲ ತಾನೇ? ನೀನು ಚೆನ್ನಾಗಿದೆ ಅಂದಮೇಲೆ ಚೆನ್ನಾಗಿರುತ್ತದೆ. ಆದರೂ ಇಲ್ಲಿ ಕೂತವನಿಗೆ ಯೋಚನೆ ಬಿಟ್ಟರೆ ಬೇರೆ ಕೆಲಸವಿಲ್ಲ.

ಅಜ್ಜಿ ಏನು ಹೇಳುತ್ತಿದ್ದಳು ನೆನಪಿದೆಯಾ? ಮಗುವಿನ ಹೊಕ್ಕುಳಬಳ್ಳಿಯನ್ನು ಇಲಿ ಕದ್ದರೆ ಆ ಮಗು ಕಳ್ಳನಾಗುತ್ತದೆ ಅಂತ. ಅದಕ್ಕೇ ಅಲ್ಲವೇ ನಮ್ಮೆಲ್ಲರದನ್ನೂ ಆ ಮರದ ಬೇರಿನಡಿ ಇಟ್ಟು ಕಲ್ಲು ಮುಚ್ಚಿದ್ದು. ನನ್ನದರ ಮೇಲೆ ಕಲ್ಲು ಸರಿಯಾಗಿ ಕೂರಲಿಲ್ಲ ಅಂತ ಕಾಣುತ್ತದೆ. ಆ ರಾತ್ರಿ ಅಂಗಡಿಗೆ ನುಗ್ಗಿದ್ದನ್ನು ಬೇಕಾದರೆ ಇಲಿಯ ತಲೆಗೆ ಕಟ್ಟಬಹುದು. ಕಾವಲುಗಾರನ ಕೈ ಮುರಿದದ್ದನ್ನು ಕಟ್ಟಲಾಗುವುದಿಲ್ಲ.

ಇನ್ನು ಎರಡು ವರ್ಷಕ್ಕೆ ಬಿಡಬಹುದು ಎನ್ನುತ್ತಾರೆ. ಬಂದಮೇಲೆ ಇವಾಲಾನಿಗೆ ಮಗುವಾದರೆ ಅದರದನ್ನು ನಾನೇ ನನ್ನ ಕೈಯಾರೆ ಇಡಬೇಕು, ಮೇಲೆ ದೊಡ್ಡ ಕಲ್ಲು ಹೇರಬೇಕು. ಅಲ್ಲಿಯವರೆಗೆ ಆ ಸೀಬೆ ನಮ್ಮ ಮರದ ಕತ್ತು ಹಿಸುಕದಂತೆ ನೋಡಿಕೋ. ಅಂಚಿನಲ್ಲಿ ಸವರಿ ಬರಬೇಡ. ಬುಡದವರೆಗೂ ಹೋಗು, ಒಂದನ್ನೂ ಉಳಿಸಬೇಡ. ನಾನಿದ್ದಿದ್ದರೆ ಹಾಗೇ ಮಾಡುತ್ತಿದ್ದೆ.

ಕಪೇನಾ


ಹಿಲೋ, ಮೇ 24, 2015

ತಮ್ಮ,

ಸಾಹೇಬರ ಅಪ್ಪಣೆ ನೆರವೇರಿದೆ. ನನ್ನ ಸೊಂಟ ಹೋಗಿದೆ, ನಿನ್ನ ಮರ ಉಳಿದಿದೆ.

ಹೋದ ಶನಿವಾರ ಪಾಹೋವಾದಲ್ಲಿ ನಮ್ಮ ಪಕ್ಕದ ಮನೆಯವರ ಮದುವೆ. ನೆಲ ತೋಡಿ ಹಂದಿ ಬೇಯಿಸಲು ಸೌದೆ ಹೊಂದಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಗಂಡಸರೆಲ್ಲ ಬಿಯರ್ ಹಿಡಿದು ಕಲ್ಲು ಹೇಗೆ ಜೋಡಿಸಬೇಕೆಂದು ಚರ್ಚೆ ಮಾಡುತ್ತಿದ್ದರು. ನಿನ್ನ ಮೋಕಿ ಹೇಳಿದ್ದು ನಿಜ, ಅಲ್ಲಿ ಒಣಗಿ ನಿಂತ ಓಹಿಯಾಕ್ಕೆ ಬರವಿಲ್ಲ. ನಾನೇ ಮಚ್ಚು ಹಿಡಿದು ಒಂದು ಲಾರಿಯಷ್ಟು ಕೊಂಬೆ ಇಳಿಸಿದೆ. ಹಂದಿ ಬೆಣ್ಣೆಯ ಹಾಗೆ ಬೆಂದಿತ್ತು.

ಕೈ ಬಿಸಿಯಿರುವಾಗಲೇ ಮುಗಿಸಿಬಿಡೋಣ ಎಂದು ಮರುದಿನ ಬೆಳಗ್ಗೆ ನೇರ ಮೇಲಿನ ಜಮೀನಿಗೆ ಹೋದೆ. ಇವಾಲಾನಿ ಮಾವೀ ದ್ವೀಪದಲ್ಲಿ ತರಬೇತಿಗೆಂದು ಹೋಗಿದ್ದಳು. ಒಳ್ಳೆಯದೇ ಆಯಿತು, ಇದ್ದಿದ್ದರೆ ಬಾಟಲಿ ಹಿಡಿದು ಹಿಂದೆ ಹಿಂದೆ ಬರುತ್ತಿದ್ದಳು.

ಬಾಗಿಲಲ್ಲಿ ನಿಂತು ಅಪ್ಪಣೆಯ ಹಾಡನ್ನು ಪೂರ್ತಿ ಹೇಳಿದೆ. ಈಗಿನವರ ಹಾಗೆ ಎರಡು ಸಾಲು ಗೊಣಗಿ ಒಳಗೆ ನುಗ್ಗಲಿಲ್ಲ. ಯಾರ ಮೊಮ್ಮಗಳು, ಯಾವ ಊರು, ಯಾಕೆ ಬಂದೆ ಎಲ್ಲ ಹೇಳಿ, ಉತ್ತರ ಬರುವವರೆಗೂ ಕಾದೆ. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿ ಜರೀಗಿಡಗಳೆಲ್ಲ ನನ್ನ ಕಡೆ ತಲೆದೂಗಿದವು. ಹೋಗು ಅಂದಹಾಗಾಯಿತು.

ಬುಡದವರೆಗೂ ಕಡಿದೆ. ಆ ಸೀಬೆಯ ಬೇರು ಮರದ ಬೇರಿಗೆ ಹೆಣೆದುಕೊಂಡಿತ್ತು. ಎಳೆದು, ಕೊಚ್ಚಿ, ಮತ್ತೆ ಎಳೆದು ಬಿಡಿಸುವಾಗ ಒಂದೆರಡು ಏಟು ಮರದ ಬೇರಿಗೂ ಬಿತ್ತು. ಅಷ್ಟು ದೊಡ್ಡ ಮರ, ತಡೆದುಕೊಳ್ಳುತ್ತದೆ. ಈಗ ಸುತ್ತ ಬೆಳಕು ಬಿದ್ದಿದೆ. ಅಜ್ಜಿಯ ಕಾಲದಲ್ಲಿ ಹೇಗಿತ್ತೋ ಹಾಗೇ ಕಾಣುತ್ತದೆ.

ನೋಹೆಯಾ


ಅರಿಜೋನಾ, ಜುಲೈ 11, 2015

ಅಕ್ಕ,

ನಿನ್ನ ಕಾಗದವನ್ನು ಊಟದ ಮೇಜಿನಲ್ಲಿ ನಮ್ಮವರೆಲ್ಲರಿಗೂ ಓದಿ ಹೇಳಿದೆ. ಹಂದಿ ಬೆಂದ ಭಾಗವನ್ನು ಮೂರು ಸಲ ಓದಿಸಿದರು. ಇಲ್ಲಿ ಕೊಡುವ ಮಾಂಸವನ್ನು ನಾನು ವರ್ಣಿಸುವುದಿಲ್ಲ, ನೀನು ಅಡುಗೆಯವಳು, ನಿದ್ದೆ ಕೆಡುತ್ತದೆ.

ಮೋಕಿ ಮುದುಕ ಮಾತ್ರ ಕೇಳಿದ: "ನಿಮ್ಮಕ್ಕ ಮಚ್ಚು ತೊಳ್ಕೊಂಡು ಹೋದ್ಲೇನೋ?" ನಮ್ಮಕ್ಕ ಯಾರು ಅಂತ ನಿನಗೆ ಗೊತ್ತಿಲ್ಲ, ಕಾಡೇ ಅವಳನ್ನು ಕಂಡರೆ ಕಾಲು ತೊಳೆದುಕೊಂಡು ನಿಲ್ಲುತ್ತದೆ ಎಂದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ, ಅವನಿಗೆ ಹಲ್ಲಿಲ್ಲ.

ಬಹಳ ದಿನಗಳ ಮೇಲೆ ನಾನೇನೋ ಒಂದು ಒಳ್ಳೆಯ ಕೆಲಸ ಮಾಡಿದ ಹಾಗೆ ಅನ್ನಿಸಿತು. ಮಾಡಿದವಳು ನೀನು, ಹೇಳಿದವನು ನಾನು, ಅಷ್ಟಕ್ಕೇ ಇಷ್ಟು ಸಂತೋಷ.

ಕಪೇನಾ


ಹಿಲೋ, ನವೆಂಬರ್ 29, 2015

ತಮ್ಮ,

ಬರೆಯಲು ತಡವಾಯಿತು. ಶಾಲೆಯಲ್ಲಿ ಒಬ್ಬಳು ಕೆಲಸ ಬಿಟ್ಟಳು, ಅವಳ ಪಾಲಿನ ಪಾತ್ರೆಯೂ ನನ್ನ ಕೈಗೆ ಬಂತು.

ಇವಾಲಾನಿ ಅವಳ ತಂಡದ ಒಬ್ಬ ಹುಡುಗನ ಜೊತೆ ಓಡಾಡುತ್ತಿದ್ದಾಳೆ. ಮಾತು ಕಡಿಮೆ, ಊಟ ಜಾಸ್ತಿ. ನನಗೆ ಹಿಡಿಸಿದ್ದಾನೆ.

ಮೇಲಿನ ಜಮೀನಿಗೆ ಒಂದು ಸಲ ಹೋಗಿದ್ದೆ. ಮರದ ನೆತ್ತಿಯ ಒಂದು ಕೊಂಬೆಯಲ್ಲಿ ಕೆಂಪು ಕಂಡಿತು. ಚಿಗುರಿರಬೇಕು, ಓಹಿಯಾದ ಎಳೆ ಎಲೆ ಕೆಂಪಗೇ ಅಲ್ಲವೇ ಬರುವುದು. ಮೊಣಕಾಲು ನೋವಿತ್ತು, ಹತ್ತಿರ ಹೋಗಿ ನೋಡಲಿಲ್ಲ.

ಇಲ್ಲಿ ಚಳಿ ಶುರುವಾಗಿದೆ. ನೀನು ಹೊದ್ದುಕೊಂಡು ಮಲಗು.

ನೋಹೆಯಾ


ಅರಿಜೋನಾ, ಮಾರ್ಚ್ 20, 2016

ಅಕ್ಕ,

ಈ ವರ್ಷ ನಿನ್ನ ಎರಡು ಕಾಗದ ಬಂದವು, ಎರಡೂ ಅಂಗೈಯಗಲ. ಒಂದರಲ್ಲಿ ಅಕ್ಕಿಯ ದರ, ಇನ್ನೊಂದರಲ್ಲಿ ನಿನ್ನ ಮೊಣಕಾಲು. ಮರದ ಹೆಸರೇ ಇಲ್ಲ. ಯಾಕೆ ಎಂದು ಈಗ ಗೊತ್ತಾಯಿತು, ಅದೂ ನಿನ್ನಿಂದಲ್ಲ.

ಇವಾಲಾನಿ ಬರೆದಿದ್ದಾಳೆ. ಮರ ಸತ್ತಿದೆ. ಕಾಂಡದಿಂದ ಚೂರು ತೆಗೆದು ಪರೀಕ್ಷೆ ಮಾಡಿಸಿದ್ದಾಳೆ, ಅದೇ ರೋಗ. ಆ ಕಡೆ ಸುತ್ತಮುತ್ತ ಬೇರೆ ಯಾವ ಮರಕ್ಕೂ ಬಂದಿಲ್ಲವಂತೆ, ನಮ್ಮದೊಂದಕ್ಕೇ. ಹಂದಿ ಬೇರನ್ನು ಸೀಳಿತ್ತಂತೆ, ಅದೇ ಗಾಯದಿಂದ ಒಳಗೆ ಹೋಯಿತಂತೆ. ಗಾಯಕ್ಕೆ ತಂದು ಹಾಕಿದವಳು ತಾನೇ ಎನ್ನುತ್ತಾಳೆ. ತಗ್ಗಿನ ಕಾಡಿನಲ್ಲಿ ಸತ್ತ ಮರ ಎಣಿಸುವ ಕೆಲಸ ಮಾಡಿ ಅದೇ ವಾರ ಮೇಲಕ್ಕೆ ಹೋಗಿದ್ದಳಂತೆ. ಬೂಟು ತೊಳೆದಿದ್ದೆ, ಆದರೆ ಸರಿಯಾಗಿ ತೊಳೆದಿರಲಿಕ್ಕಿಲ್ಲ ಎಂದು ಬರೆದಿದ್ದಾಳೆ.

ನಾನು ಕೂತ ಕೂತಲ್ಲೇ ಉತ್ತರ ಬರೆದೆ. ಕಾಡು ಉಳಿಸುತ್ತೇನೆಂದು ಹೊರಟವಳು ಮನೆಯ ಮರವನ್ನೇ ತಿಂದೆಯಲ್ಲ ಎಂದು ಬರೆದೆ. ಅತ್ತೆ ಸೊಂಟ ಮುರಿದುಕೊಂಡು ಉಳಿಸಿದ್ದನ್ನು ಬಾಟಲಿ ಹಿಡಿದ ನೀನು ಕೊಂದೆ ಎಂದೂ ಬರೆದೆ. ಅಂಚೆಗೆ ಹಾಕಿದ ಮೇಲೆ ನಾಚಿಕೆಯಾಯಿತು. ಕಳ್ಳತನ ಮಾಡಿ ಒಳಗೆ ಕೂತವನು ಯಾವ ಬಾಯಲ್ಲಿ ಬೈಯುವುದು? ಆದರೆ ಕಾಗದ ಹೋಗಿಯಾಗಿದೆ.

ನೀನೇಕೆ ಮುಚ್ಚಿಟ್ಟೆ? ನನಗೆ ನೋವಾಗುತ್ತದೆ ಎಂದಲ್ಲವೇ? ಅವಳನ್ನು ಕಾಪಾಡಲು ಎಂದಲ್ಲವೇ? ನೀನು ಯಾವಾಗಲೂ ಹಾಗೆಯೇ.

ಕಪೇನಾ


ಹಿಲೋ, ಏಪ್ರಿಲ್ 17, 2016

ತಮ್ಮ,

ಅವಳಿಗೆ ಇನ್ನು ಹಾಗೆ ಬರೆಯಬೇಡ. ಅವಳು ಬಸುರಿ, ಐದನೆಯ ತಿಂಗಳು, ಆ ತಂಡದ ಹುಡುಗನದೇ; ಇನ್ನೂ ನನ್ನ ಜೊತೆಯಲ್ಲೇ ಇದ್ದಾಳೆ. ನಿನಗೆ ಹೇಳಿಲ್ಲವೆಂದು ಕಾಣುತ್ತದೆ.

ಕೆಲಸ ಬಿಟ್ಟಿದ್ದಾಳೆ. ನಿನ್ನ ಕಾಗದ ಬಂದ ಮಧ್ಯಾಹ್ನ ಅದನ್ನು ಮಡಿಸಿ ಒಳಗಿಟ್ಟು, ಬೂಟುಗಳನ್ನು ಹಿತ್ತಿಲಿಗೆ ಒಯ್ದು ಸುಟ್ಟಳು. ರಬ್ಬರಿನ ನಾತ ಎರಡು ದಿನ ಹೋಗಲಿಲ್ಲ. ತಂಡದವರು ಬಂದು ಕರೆದರು. ಯಾರ ಬೂಟಿನಲ್ಲಿ ಬಂತು ಎಂದು ಯಾರೂ ಹೇಳಲಾಗದು, ನಿನ್ನಷ್ಟು ಚೊಕ್ಕಟ ಕೆಲಸ ನಮ್ಮಲ್ಲಿ ಯಾರೂ ಮಾಡುವುದಿಲ್ಲ ಎಂದರು. ಅವಳು ಹೋಗಲಿಲ್ಲ.

ಆದದ್ದು ಆಯಿತು. ಎಷ್ಟೋ ಕಾಡು ತಿರುಗುವ ಕೆಲಸ, ಎಲ್ಲಿಂದ ಏನು ಬರುತ್ತದೋ. ದೂರಿ ಪ್ರಯೋಜನವಿಲ್ಲ.

ಮರದ ಕೆಳಗೆ ಈಗ ಕಿರುಸೀಬೆಯದೇ ರಾಜ್ಯ. ನಾನು ಕಡಿದ ಒಂದೊಂದು ಬುಡದಲ್ಲೂ ಹಿಡಿಹಿಡಿ ಚಿಗುರು. ಮೇಲೆ ಎಲೆ ಉದುರಿ ಬಿಸಿಲು ಬಿದ್ದಿದೆಯಲ್ಲ, ಅದಕ್ಕೆ ಅದೇ ಬೇಕಿತ್ತು.

ನನ್ನ ಆರೋಗ್ಯ ವಿಚಾರಿಸಬೇಡ, ಚೆನ್ನಾಗಿದ್ದೇನೆ.

ನೋಹೆಯಾ


ಹಿಲೋ, ಸೆಪ್ಟೆಂಬರ್ 4, 2016

ಕಪೇನಾ,

ನೀನು ಅಜ್ಜನಾದೆ. ಹೆಣ್ಣು ಮಗು, ಲಿಹಾವು ಎಂದು ಹೆಸರಿಟ್ಟಿದ್ದಾರೆ. ತಲೆ ತುಂಬ ಕೂದಲು, ಗಂಟಲು ನನ್ನದು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಇದನ್ನು ಎರಡು ಸಲ ಓದಿಕೋ, ಆಮೇಲೆ ಮುಂದಿನದನ್ನು ಓದು.

ಹೊಕ್ಕುಳಬಳ್ಳಿ ಒಣಗಿ ಉದುರಿದ ದಿನ ಇವಾಲಾನಿ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ನೀನೇ ಇಟ್ಕೊ ಅತ್ತೆ. ಎಲ್ಲಿಡ್ಬೇಕು ಅಂತ ನೀನೇ ನೋಡು. ನಾನು ಮುಟ್ಟಿದ್ದು ಉಳಿಯಲ್ಲ."

ಅಳುತ್ತಾ ಹೇಳಿದ್ದಲ್ಲ. ಸಕ್ಕರೆ ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು. ಅದನ್ನು ಇಲಿಗೆ ಸಿಗದ ಹಾಗೆ ಫ್ರೀಜರಿನಲ್ಲಿ ಮೀನಿನ ಪೊಟ್ಟಣಗಳ ಹಿಂದೆ ಇಟ್ಟಿದ್ದೇನೆ. ಆ ಬಾಗಿಲು ತೆಗೆದಾಗಲೆಲ್ಲ ನನಗೆ ಮೈಯೆಲ್ಲ ನಾಚಿಕೆಯಾಗುತ್ತದೆ.

ಮರವನ್ನು ಕೊಂದವಳು ಅವಳಲ್ಲ, ನಾನು.

ಪಾಹೋವಾದಲ್ಲಿ ಸತ್ತ ಓಹಿಯಾ ಕಡಿದ ಮಚ್ಚನ್ನೇ ಹಿಡಿದು ಮೇಲಕ್ಕೆ ಹೋಗಿದ್ದೆ. ತೊಳೆಯಲಿಲ್ಲ, ಒರೆಸಲೂ ಇಲ್ಲ. ಬೂಟಿನಲ್ಲಿ ಆ ಕಡೆಯ ಮಣ್ಣು ಹಾಗೇ ಇತ್ತು. ಆ ಮಚ್ಚನ್ನೇ ಬೇರಿಗೆ ಇಳಿಸಿದೆ. ಇದನ್ನೆಲ್ಲ ಅವತ್ತೇ ನಿನಗೆ ಬರೆದಿದ್ದೇನೆ, ಹೆಮ್ಮೆಯಿಂದ ಬರೆದಿದ್ದೇನೆ. ನಿನ್ನ ಮೋಕಿಗೆ ಅರ್ಥವಾಯಿತು, ನಿನಗೆ ಆಗಲಿಲ್ಲ, ನನಗಂತೂ ಆಗಲಿಲ್ಲ.

ಆಗ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಅವಳು ನನ್ನ ಕಾಲ ಬುಡದಲ್ಲಿ ಕೂತು ಹೇಳಿದ್ದಳಲ್ಲ. ಕೇಳಿಸಿಕೊಂಡಿದ್ದೆ. ನಾನು ಸಾಕಿದ ಹುಡುಗಿ ನನಗೆ ನನ್ನ ಕಾಡಿನ ಪಾಠ ಹೇಳುವುದೇ ಎಂಬ ಸೊಕ್ಕು, ಅಷ್ಟೇ. ಬಾಯಿತುಂಬ ಹಾಡು ಹೇಳಿ, ಕಾಲುತುಂಬ ರೋಗ ಒಯ್ದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮರ ಒಣಗಿದ ಮೇಲೆ ಅವಳು ನನ್ನನ್ನು ಕರೆದುಕೊಂಡು ಹೋಗಿದ್ದಳು. ತೊಗಟೆ ಕೆತ್ತಿ ತೋರಿಸಿದಳು, ಒಳಗೆಲ್ಲ ಮಸಿ ಚೆಲ್ಲಿದ ಹಾಗೆ ಕಪ್ಪು. ಆ ಕಪ್ಪು ಕೆಳಗಿನಿಂದ ಬಂದಿತ್ತು. ಹುಡುಕುತ್ತಾ ಹೋಗಿ ಬೇರಿನ ಗಾಯದ ಮುಂದೆ ಕೂತು ಕೇಳಿದಳು: "ಇದೇನತ್ತೆ, ಯಾರಾದ್ರೂ ಕಡಿದಿದ್ದಾರಾ?"

ನಾನು ಏನೆಂದೆ ಗೊತ್ತೇ? "ಹಂದಿ ಇರ್ಬೇಕು. ಕೋರೆಹಲ್ಲಲ್ಲಿ ಸೀಳಿದೆ ನೋಡು" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಎಷ್ಟೊಂದು ದಿನಗಳಿದ್ದವು. ಅವಳು ತನ್ನ ಬೂಟು ಸುಡುವಾಗ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ಹೊಗೆ ಒಳಗೆ ಬರುತ್ತದೆ ಎಂದು ಕಿಟಕಿ ಮುಚ್ಚಿದೆ.

ಏಪ್ರಿಲ್‌ನಲ್ಲಿ ನಿನಗೆ ಬರೆದದ್ದನ್ನು ಮತ್ತೆ ಓದು. ಎಷ್ಟೋ ಕಾಡು ತಿರುಗುವ ಕೆಲಸ ಎಂದು ಬರೆದಿದ್ದೇನೆ. ಸುಳ್ಳು ಅನ್ನಿಸಿಕೊಳ್ಳದ ಸುಳ್ಳನ್ನು ಹುಡುಕಿ ಹುಡುಕಿ ಬರೆದದ್ದು. ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದು ನೀನು ತಿಳಿದುಕೊಂಡೆ, ನಾನು ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಅವಳಿಗೆ ಹೇಳಬೇಕು. ಮೊದಲು ನಿನಗೆ ಹೇಳಿದರೆ ಬಾಯಿ ಅಭ್ಯಾಸವಾಗುತ್ತದೆ ಎಂದುಕೊಂಡೆ.

ನೋಹೆಯಾ


ಅರಿಜೋನಾ, ಅಕ್ಟೋಬರ್ 9, 2016

ಅಕ್ಕ,

ಮೊದಲ ಪುಟವನ್ನು ಎಲ್ಲರಿಗೂ ಓದಿ ಹೇಳಿದೆ. ಉಳಿದದ್ದನ್ನು ಯಾರಿಗೂ ತೋರಿಸಲಿಲ್ಲ. ಬುಡದವರೆಗೂ ಹೋಗು ಎಂದು ಬರೆದ ಕೈ ನನ್ನದೇ. ಇಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲ, ಅದಕ್ಕೇ ನಿನಗೆ ಅಪ್ಪಣೆ ಕೊಡುವಾಗ ಅಷ್ಟು ದೊಡ್ಡ ದನಿಯಲ್ಲಿ ಕೊಟ್ಟೆ.

ನಿನ್ನನ್ನು ಬೈಯುವುದಿಲ್ಲ. ಒಮ್ಮೆ ಬೈದು ಏನಾಯಿತು ಎಂದು ನೋಡಿದ್ದೇನೆ.

ಆದರೆ ಅವಳಿಗೆ ಹೇಳಬೇಡ. ನಾನು ಬೇಡಿಕೊಳ್ಳುತ್ತಿದ್ದೇನೆ ಎಂದುಕೋ. ಮೇ ತಿಂಗಳಲ್ಲಿ ನನ್ನನ್ನು ಬಿಡುತ್ತಾರೆ, ಬಿಡುಗಡೆಯ ಕಾಗದದಲ್ಲಿ ನಿನ್ನ ಮನೆಯ ವಿಳಾಸ ಕೊಟ್ಟಿದ್ದೇನೆ. ಆ ಮನೆಯಲ್ಲಿ ನೀನು, ಅವಳು, ಮಗು ಮೂವರೂ ಇರಬೇಕು. ಇದನ್ನು ಕೇಳಿದರೆ ಅವಳು ಮಗುವನ್ನು ಎತ್ತಿಕೊಂಡು ಹೊರಟುಬಿಡುತ್ತಾಳೆ. ಆಗ ನಾನು ಬರುವುದು ಯಾರಿಗೆ? ಅವಳಿಗಿನ್ನೂ ಸಣ್ಣ ವಯಸ್ಸು. ಮನಸ್ಸಿನಲ್ಲಿ ಒಂದು ಭಾರ ಇಟ್ಟುಕೊಂಡು ಬದುಕಬಹುದು, ನಾನು ಬದುಕುತ್ತಿಲ್ಲವೇ? ಹೊತ್ತು ಹೊತ್ತು ಅಭ್ಯಾಸವಾಗುತ್ತದೆ.

ಬಂದಮೇಲೆ ನಾನೇ ಸಮಯ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಹಂದಿಯೇ ಇರಲಿ.

ಕಪೇನಾ


ಹಿಲೋ, ಜನವರಿ 15, 2017

ತಮ್ಮ,

ನಿನ್ನ ಕಾಗದವನ್ನು ವರ್ಷದ ಕೊನೆಯ ಹಬ್ಬಗಳು ಮುಗಿಯುವವರೆಗೂ ಜೊತೆಯಲ್ಲೇ ಇಟ್ಟುಕೊಂಡು ಓಡಾಡಿದೆ. ಒಪ್ಪಿಕೊಂಡುಬಿಡಲು ಬಹಳ ಆಸೆಯಾಯಿತು. ನನಗೆ ಅನುಕೂಲವಾದದ್ದನ್ನೇ ನೀನೂ ಬೇಡಿಕೊಂಡರೆ ಯಾರು ಬೇಡ ಅನ್ನುತ್ತಾರೆ?

ಆದರೆ ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ನೀನು ಹೊತ್ತಿರುವುದು ನಿನ್ನದು. ಅವಳು ಹೊತ್ತಿರುವುದು ನನ್ನದು. ಅದಕ್ಕೆ ಅಭ್ಯಾಸವಾಗುವುದಿಲ್ಲ ಕಪೇನಾ, ನಾನು ದಿನಾ ನೋಡುತ್ತಿದ್ದೆ. ಮಗುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆಯುತ್ತಿದ್ದಳು, ಒರೆಸಿಕೊಂಡು ಮತ್ತೆ ತೊಳೆಯುತ್ತಿದ್ದಳು. ಗೆಣಸು ನೆಡಲು ಕರೆದರೆ ಅಂಗಳಕ್ಕೂ ಇಳಿಯುತ್ತಿರಲಿಲ್ಲ. ನಿನ್ನ ಮಾತು ಕೇಳಿ ಒಮ್ಮೆ ಮಚ್ಚು ಹಿಡಿದೆ. ಈ ಸಲ ಕೇಳಲಿಲ್ಲ.

ಹೋದ ಸೋಮವಾರ ಹೇಳಿದೆ. ಅವಳು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಮದುವೆ, ಸೌದೆ, ಮಚ್ಚು, ಬೇರು, ಎಲ್ಲ ಹೇಳಿದೆ. ಹಂದಿಯ ಮಾತಿಗೆ ಬಂದಾಗ ಅವಳ ಕೈ ನಿಂತಿತು. ಕೂಗಾಡುತ್ತಾಳೆ ಎಂದು ಕಾದೆ. ನನಗೆ ಅದೇ ಬೇಕಿತ್ತು, ಬೈಸಿಕೊಂಡರೆ ಹಗುರಾಗುತ್ತದಲ್ಲ.

"ಹಂದಿ ಹಲ್ಲಿಗೂ ಮಚ್ಚಿಗೂ ವ್ಯತ್ಯಾಸ ನಂಗೆ ಗೊತ್ತಾಗಲ್ವಾ ಅತ್ತೆ? ಅದೇ ನನ್ನ ಕೆಲಸ. ನೋಡಿದ ತಕ್ಷಣ ಮಚ್ಚು ಅಂತ್ಲೇ ಅನ್ನಿಸ್ತು. ನೀನು ಹಂದಿ ಅಂದೆ. ನನ್ನ ಕಣ್ಣು ಬಿಟ್ಟು ನಿನ್ನ ಮಾತು ನಂಬಿದೆ."

ಕ್ಷಮಿಸು ಎಂದು ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಇನ್ನೊಂದು ಕೇಳಿದಳು: "ಅಪ್ಪಂಗೆ ಗೊತ್ತಾ?"

ಗೊತ್ತು ಎಂದೆ. ಯಾವಾಗಿನಿಂದ ಎಂದು ಕೇಳಿದಳು. ಸೆಪ್ಟೆಂಬರ್‌ನಲ್ಲೇ ಬರೆದೆ ಎಂದೆ. ನಿನ್ನನ್ನು ತಪ್ಪಿಸಲು ಇನ್ನೊಂದು ಹಂದಿಯನ್ನು ಹುಟ್ಟಿಸಲು ನನ್ನಿಂದ ಆಗಲಿಲ್ಲ. ಅವಳು ನಿನ್ನ ಕಾಗದವನ್ನು ಕೇಳಿ ತೆಗೆದುಕೊಂಡು, ನಿಂತಲ್ಲೇ ಪೂರ್ತಿ ಓದಿ, ಮಡಿಸಿ ನನಗೇ ವಾಪಸು ಕೊಟ್ಟಳು.

ಮರುದಿನ ಬೆಳಗ್ಗೆ ತಂಡದವರಿಗೆ ಫೋನ್ ಮಾಡಿದಳು. ಬುಧವಾರ ಹೊಸ ಬೂಟು ತಂದಳು. ಗುರುವಾರ ನಾನು ಶಾಲೆಗೆ ಹೊರಡುವ ಹೊತ್ತಿಗೆ ಫ್ರೀಜರ್ ತೆಗೆದು ಬಿಳಿ ಬಟ್ಟೆಯ ಗಂಟನ್ನು ಕೈಗೆ ತೆಗೆದುಕೊಂಡಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡಳು. ನಾನೂ ಬರಲೇ ಎಂದು ಕೇಳಿದೆ. ಬೇಡ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಮಳೆ ಬರುತ್ತೆ ಕೊಡೆ ತಗೊಂಡು ಹೋಗು ಎಂದೂ ಹೇಳಿದಳು.

ಸಂಜೆ ವಾಪಸು ಬಂದಳು. ಅಂಗಳದ ನಲ್ಲಿಯ ಹತ್ತಿರ ಕೂತು ಬೂಟಿನ ತಳದ ಸಂದುಸಂದನ್ನೂ ಉಜ್ಜಿ, ಸ್ಪಿರಿಟ್ ಹೊಡೆದು, ಗೋಡೆಗೆ ಒರಗಿಸಿಟ್ಟಳು. ಒಳಗೆ ಬಂದು ಅನ್ನ ಬಡಿಸಿಕೊಂಡಳು, ನನಗೂ ಬಡಿಸಿದಳು. ನೀನು ಹೆದರಿದ ಹಾಗೆ ಅವಳು ಮನೆ ಬಿಟ್ಟು ಹೋಗಿಲ್ಲ. ನಿನ್ನ ಬಿಡುಗಡೆಯ ಕಾಗದದ ವಿಳಾಸದಲ್ಲಿ ನಾವು ಮೂವರೂ ಇದ್ದೇವೆ.

ಈ ಮನೆಯಲ್ಲಿ ಹುಟ್ಟಿದವರ ಬಳ್ಳಿ ಯಾರದು ಎಲ್ಲಿದೆ ಎಂದು ಅಜ್ಜಿಗೆ ಗೊತ್ತಿತ್ತು, ಅಜ್ಜಿಯಿಂದ ನನಗೆ ಗೊತ್ತಾಯಿತು. ಅಪ್ಪನದು ಯಾವ ಬೇರಿನಡಿ, ನಿನ್ನದು ಯಾವ ಕಲ್ಲಿನಡಿ, ಕಣ್ಣು ಮುಚ್ಚಿ ಹೇಳುತ್ತೇನೆ. ಲಿಹಾವುವಿನ ಬಳ್ಳಿ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಯಾವ ಕಾಡು, ಯಾವ ಮರ, ಮರವೋ ಕಲ್ಲೋ, ಇವಾಲಾನಿ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಒಮ್ಮೆ ಕೇಳೋಣ ಎಂದು ತಲೆಯೆತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಕೇಳಲಿಲ್ಲ.

ನೀನು ಮೇ ತಿಂಗಳಲ್ಲಿ ಬಾ. ಮಗುವನ್ನು ನಿನ್ನ ಕೈಗೆ ಕೊಡುತ್ತಾಳೆ, ಕೊಡುತ್ತೇನೆಂದು ಹೇಳಿದ್ದಾಳೆ. ಬಳ್ಳಿ ಎಲ್ಲಿದೆ ಎಂದು ಮಾತ್ರ ನೀನೂ ಕೇಳಬೇಡ.

ನೋಹೆಯಾ